ಬೆರಳಿಗೂ ಎಂಟನೆಯ ಕಟ್ಟಳೆ



ನೆರೆಯವರ ವಿರುದ್ಧ ಸುಳ್ಳುಸಾಕ್ಷಿ ಹೇಳುವುದನ್ನು ದೇವರ ಎಂಟನೆಯ ಕಟ್ಟಳೆ ನಿಷೇಧಿಸುತ್ತದೆ. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಕಲಿತಾಗ ನಮಗೆ ನೆನಪಾದದ್ದು ನಾಲಿಗೆ. ಈಗ ಬೆರಳೂ ಸಾಕ್ಷಿ ನುಡಿಯುತ್ತದೆ. "ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ, ಅಷ್ಟೆ" ಎನ್ನುತ್ತೇವೆ. ಆದರೆ ಓದಿದವರು ಅದನ್ನು ನಂಬುವುದು ಕಳಿಸಿದವರ ಮುಖ ನೋಡಿ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನಮ್ಮ ಕುಟುಂಬಗಳು ಅಲ್ಲೊಂದು ಇಲ್ಲೊಂದು ಇವೆ. ಬಲಿಪೂಜೆಯ ಸಮಯ, ಸಾವಿನ ಸುದ್ದಿ, ರೋಗಿಗೆ ರಕ್ತ ಬೇಕೆಂಬ ಮೊರೆ ವಾಟ್ಸಾಪ್‌ನಲ್ಲಿ ಕ್ಷಣದಲ್ಲಿ ತಲುಪುತ್ತವೆ. ಇದು ದೇವರ ವರವೇ ಸರಿ. ಆದರೆ ಅದೇ ದಾರಿಯಲ್ಲಿ ವಿಷವೂ ಹರಿಯುತ್ತದೆ.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರ ಗುಂಪಿನಲ್ಲಿದ್ದ ಎಂಜಿನಿಯರ್ ಒಬ್ಬರಿಗೂ ಅದೇ ಗತಿಯಾಯಿತು. ಮೊಬೈಲ್‌ಗಳಲ್ಲಿ ಹಬ್ಬಿದ ವದಂತಿಯೇ ಇದಕ್ಕೆ ಮೂಲ. ಅದೇ ವರ್ಷ ಜಗದ್ಗುರು ಫ್ರಾನ್ಸಿಸರು ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ, ಏದೆನ್ ತೋಟದ ಸರ್ಪವೇ ಮೊದಲ ಸುಳ್ಳುಸುದ್ದಿಯ ಕರ್ತೃ ಎಂದು ನೆನಪಿಸಿದ್ದರು.

ಸುದ್ದಿ ನಿಜವಾಗಿದ್ದರೆ? 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆಯಾಯಿತು. ಇನ್‌ಸ್ಟಾಗ್ರಾಂನಲ್ಲಿ ನಟಿಯೊಬ್ಬರಿಗೆ ಕಳಿಸಿದ ಸಂದೇಶಗಳೇ ಅದರ ಹಿನ್ನೆಲೆ ಎಂದು ಪೊಲೀಸರು ಹೇಳಿದರು. ಅಪರಾಧ ಯಾರದೆಂದು ನಿರ್ಧರಿಸುವುದು ನ್ಯಾಯಾಲಯದ ಕೆಲಸ. ಆದರೆ ಆತನ ಚಿತ್ರಗಳು ಫೋನಿನಿಂದ ಫೋನಿಗೆ ಹೋದಾಗ, ಇದೇ ಊರಿನಲ್ಲಿ ಅವನಿಗಾಗಿ ಅಳುತ್ತಿದ್ದ ಮನೆಯವರಿದ್ದಾರೆಂದು ಎಷ್ಟು ಮಂದಿ ನೆನೆದರು? ತಕ್ಕ ಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ತಪ್ಪನ್ನು ಬಯಲು ಮಾಡುವುದೂ ಪಾಪವೆಂದು ಧರ್ಮಸಭೆ ಬೋಧಿಸುತ್ತದೆ.

ನಾವು 'ಮಾನ' ಎನ್ನುವುದನ್ನು ಕೊರಿಯಾದವರು 'ಚೆಮ್ಯೋನ್' ಎನ್ನುತ್ತಾರೆ. ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಲುವುದು ಅವರಿಗೂ ದೊಡ್ಡದು. ಅಲ್ಲಿ ಜಾಲತಾಣದ ನಿಂದೆಗೆ ಗುರಿಯಾಗಿದ್ದ ಇಬ್ಬರು ಯುವ ಗಾಯಕಿಯರು 2019ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ತೀರಿಕೊಂಡರು. ಅಲ್ಲಿನ ದೊಡ್ಡ ಜಾಲತಾಣಗಳಾದ ಡೌಮ್ 2019ರಲ್ಲೂ ನೇವರ್ 2020ರಲ್ಲೂ ಮನರಂಜನೆಯ ಸುದ್ದಿಗಳ ಕೆಳಗೆ ಜನರು ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಿದವು. ಅದಕ್ಕೂ ಮೊದಲೇ, 2007ರಲ್ಲಿ, ಪ್ರಾಧ್ಯಾಪಕ ಮಿನ್ ಬ್ಯೂಂಗ್ ಚುಲ್ ಅವರು 'ಸನ್‌ಫುಲ್' ಚಳವಳಿ ಆರಂಭಿಸಿದ್ದರು. ಕೆಟ್ಟ ಮಾತಿಗೆ ಗುರಿಯಾದವರಿಗೆ ಒಳ್ಳೆಯ ಮಾತು ಬರೆಯಿರಿ ಎಂಬುದೇ ಅದರ ಪಾಠ.

ಈ ಮೇಲ್ಪಂಕ್ತಿ ನಮಗೂ ಬೇಕು. ಮಕ್ಕಳ ಕೈಯ ಮೊಬೈಲನ್ನು ದೂರುವ ಹಿರಿಯರೇ ಎಷ್ಟೋ ಸಲ ವಿಚಾರಿಸದೆ ಸಂದೇಶ ಹಂಚುತ್ತೇವೆ. ತಪ್ಪು ತಿಳಿದಾಗ ಗುಟ್ಟಾಗಿ ಅಳಿಸಿಬಿಡುತ್ತೇವೆ. ಇಷ್ಟು ಸಾಲದು. ಕದ್ದ ಕೋಳಿಯನ್ನು ಹಿಂದಿರುಗಿಸಬೇಕಾದಂತೆ, ಕೆಡಿಸಿದ ಹೆಸರನ್ನೂ ಹಿಂದಿರುಗಿಸಬೇಕು. ಪಾಪನಿವೇದನೆಯಲ್ಲಿ ಕ್ಷಮೆ ದೊರೆತ ಮೇಲೂ ಈ ಹೊಣೆ ಉಳಿಯುತ್ತದೆ. ಯಾವ ಗುಂಪಿನಲ್ಲಿ ಸುಳ್ಳು ಹಾಕಿದೆವೋ ಅದೇ ಗುಂಪಿನಲ್ಲಿ "ನಾನು ಕಳಿಸಿದ್ದು ಸುಳ್ಳು, ಕ್ಷಮಿಸಿ" ಎಂದು ಬರೆಯಬೇಕು. ನೊಂದವರ ಮನೆಗೆ ಹೋಗಿ ಮಾತಾಡಿದರೆ ಇನ್ನೂ ಒಳ್ಳೆಯದು. ಅಪ್ಪ ಅಮ್ಮ ಹೀಗೆ ಮಾಡುವುದನ್ನು ಕಂಡ ಮಗುವಿಗೆ ಎಂಟನೆಯ ಕಟ್ಟಳೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಜಪಸರದ ನಂತರ ಮನೆಯಲ್ಲಿ ಚರ್ಚಿಸಿ:

1. ಈ ವಾರ ನಾವು ಕಳಿಸಿದ ಸಂದೇಶಗಳಲ್ಲಿ ನಿಜವೆಂದು ವಿಚಾರಿಸಿ ತಿಳಿದದ್ದು ಎಷ್ಟು?

2. ಆ ಚಿತ್ರ ನಮ್ಮ ಮನೆಯ ಮಗನದೋ ಮಗಳದೋ ಆಗಿದ್ದರೆ ಕಳಿಸುತ್ತಿದ್ದೆವೇ?

3. ಯಾರ ಹೆಸರನ್ನು ನಾವು ಹಿಂದಿರುಗಿಸಬೇಕಾಗಿದೆ?

ಪ್ರಾರ್ಥನೆ: ಸತ್ಯಸ್ವರೂಪರಾದ ಪ್ರಭುವೇ, ನಮ್ಮ ನಾಲಿಗೆಯನ್ನೂ ಬೆರಳನ್ನೂ ಕಾಯಿರಿ. ನಮ್ಮಿಂದ ನೊಂದವರ ಬಳಿಗೆ ಹೋಗುವ ಧೈರ್ಯ ಕೊಡಿ. ಆಮೆನ್.