ಲೀಜಿಗೋ, ಪಾಲಿಗೋ?

ನಮ್ಮ ಕಡೆ ಷೇರು ಅಂದರೆ ಮೊದಲು ನೆನಪಾಗುವುದು ಸೊಸೈಟಿ. ಬೆಳೆಸಾಲ ಕೊಡುವಾಗ ಮುರಿದುಕೊಳ್ಳುತ್ತಾರಲ್ಲ, ಆ ಷೇರು ಹಣ. ಕಂಪನಿ ಷೇರಿನಲ್ಲಿ ಎರಡು ಜಾತಿ ಇವೆ ಎಂದರೆ ಅನೇಕರಿಗೆ ಗೊಂದಲ. ಯಾದಗಿರಿಯಲ್ಲಿ ಕೂತು ಶಹಾಪುರ, ಸುರಪುರದವರ ತೆರಿಗೆ, ಲೆಕ್ಕಪತ್ರ ನೋಡುವ ನಾನು ಹೊಲದ ಮಾತಿನಲ್ಲೇ ಹೇಳುತ್ತೇನೆ. ಆದ್ಯತಾ (ಪ್ರಿಫರೆನ್ಸ್) ಷೇರು ಹೊಲ ಲೀಜಿಗೆ ಕೊಟ್ಟಂತೆ, ಇಷ್ಟೇ ಎಂದು ಮೊದಲೇ ಗೊತ್ತು. ಸಾಮಾನ್ಯ ಷೇರು ಪಾಲಿಗೆ ಕೊಟ್ಟಂತೆ, ಬೆಳೆ ಬಂದರೆ ಚೀಲ ತುಂಬುತ್ತದೆ, ಬರದಿದ್ದರೆ ಹೊಟ್ಟು.

ಆದರೆ ಈ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಬೆಳೆ ಹೋದರೂ ಲೀಜಿನ ಹಣ ಕೇಳುವ ಹಕ್ಕು ಹೊಲದವನಿಗೆ ಇರುತ್ತದೆ. ಆದ್ಯತಾ ಷೇರಿನವನಿಗೆ ಆ ಹಕ್ಕಿಲ್ಲ. ಲಾಭ ಇದ್ದರಷ್ಟೇ ಲಾಭಾಂಶ. ಅವನ ಆದ್ಯತೆ ಸಾಮಾನ್ಯ ಷೇರಿನವನ ಮುಂದೆ ಮಾತ್ರ, ಬ್ಯಾಂಕಿನ ಮುಂದೆ ಅಲ್ಲ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿತು. ಸೆನ್ಸೆಕ್ಸ್ ಒಂದೇ ದಿನ 2,702 ಅಂಶ ಬಿತ್ತು. "ಸರ, ಯುದ್ಧ ಶುರು ಆಗ್ಯಾದ, ಇದ್ದದ್ದೆಲ್ಲಾ ಮಾರಿಬಿಡ್ಲೇನ್ರಿ?" ಎಂಬ ಫೋನುಗಳು ಸಂಜೆವರೆಗೂ ನಿಲ್ಲಲಿಲ್ಲ. ಸುರಪುರದ ನಿವೃತ್ತ ಮಾಸ್ತರರೊಬ್ಬರದು ಮಾತ್ರ ಬೇರೆ ಪ್ರಶ್ನೆ: "ಪ್ರಿಫರೆನ್ಸ್ ಷೇರು ಅಂತಾರಲ್ರಿ, ಅದಕ್ಕ ಯುದ್ಧ ತಟ್ಟಂಗಿಲ್ಲೇನು?"

ತಟ್ಟದ ಉದಾಹರಣೆ ಆಗ ಕಣ್ಣೆದುರೇ ಇತ್ತು. ಝೀ ಎಂಟರ್‌ಟೈನ್‌ಮೆಂಟ್ 2014ರಲ್ಲಿ ಒಂದು ಸಾಮಾನ್ಯ ಷೇರಿಗೆ 21ರಂತೆ ಬೋನಸ್ಸಾಗಿ ಹಂಚಿದ್ದ ಶೇ 6ರ ಆದ್ಯತಾ ಷೇರುಗಳ ಕೊನೆಯ ಕಂತು ತೀರಿದ್ದು 2022ರ ಮಾರ್ಚ್‌ನಲ್ಲೇ, ಯುದ್ಧದ ಬಿಸಿಯಲ್ಲೇ. ಸಾಮಾನ್ಯ ಷೇರಿನವರೂ ಮುಳುಗಿಹೋಗಲಿಲ್ಲ ಅನ್ನಿ. ಬೀಳುವ ಹಿಂದಿನ ದಿನ 57,232ರಲ್ಲಿದ್ದ ಸೆನ್ಸೆಕ್ಸ್ ಮಾರ್ಚ್ ಕೊನೆಗೆ 58,568ಕ್ಕೆ ಬಂದು ನಿಂತಿತ್ತು. ಗಾಬರಿಯಲ್ಲಿ ಮಾರಿದವರು ಮಾತ್ರ ಕೈ ಕೈ ಹಿಸುಕಿಕೊಂಡರು.

ಮಾಸ್ತರರ ಪ್ರಶ್ನೆಯ ಹಿಂದೆ ಇದ್ದದ್ದು ಷೇರುಪೇಟೆ ಅಲ್ಲ, ಒಂದು ಜಿನ್ನಿಂಗ್ ಮಿಲ್ಲು. ಆ ವರ್ಷ ಹತ್ತಿ ಕ್ವಿಂಟಲಿಗೆ 10,000 ದಾಟಿತ್ತು. ಪರಿಚಯದ ಮಿಲ್ಲಿನವರು ಶೇ 10ರ ಆದ್ಯತಾ ಷೇರು ಕೊಡುತ್ತೇವೆ, ಬೇಕಾದರೆ ಸಾಮಾನ್ಯ ಷೇರೂ ಕೊಡುತ್ತೇವೆ ಅಂದಿದ್ದರು. ಮಾಸ್ತರರ ಕೈಯಲ್ಲಿ ನಿವೃತ್ತಿಯ ದುಡ್ಡು ಇತ್ತು. ನಾವಿಬ್ಬರೂ ಕೂತು ಮಿಲ್ಲಿನ ಅಢಾವೆ ಪತ್ರಿಕೆ ಬಿಚ್ಚಿದೆವು.

ನಾನು ಬೆರಳಿಟ್ಟದ್ದು ಲಾಭದ ಸಾಲಿನ ಮೇಲಲ್ಲ, ದಾಸ್ತಾನಿನ ಸಾಲಿನ ಮೇಲೆ. ಗೋದಾಮಿನಲ್ಲಿದ್ದ ಹತ್ತಿಯಷ್ಟೂ ಬ್ಯಾಂಕಿನ ಸಾಲಕ್ಕೆ ಅಡಮಾನ. ದುಬಾರಿ ದರಕ್ಕೆ ಕೊಂಡ ಮಾಲು. ನಾಳೆ ದರ ಇಳಿದರೆ ಮೊದಲು ಬ್ಯಾಂಕು, ಆಮೇಲೆ ಉಳಿದ ಸಾಲಗಾರರು, ಅವರ ಹಿಂದೆ ಮಾಸ್ತರರು, ಎಲ್ಲರ ಹಿಂದೆ ಸಾಮಾನ್ಯ ಷೇರಿನವರು. ಮಾಸ್ತರರಿಗೆ ಒಂದೇ ಮೆಟ್ಟಿಲು ಮೇಲಿನ ಜಾಗ. ಏಪ್ರಿಲ್ 14ರಿಂದ ಕೇಂದ್ರ ಸರ್ಕಾರ ಹತ್ತಿಯ ಆಮದು ಸುಂಕ ತೆಗೆದಿತ್ತು. ಮೇ ತಿಂಗಳಲ್ಲಿ ಅರಳೆ ಕ್ಯಾಂಡಿಗೆ ಒಂದು ಲಕ್ಷ ರೂಪಾಯಿ ದಾಟಿ, ಆಮೇಲೆ ಜಾರತೊಡಗಿತು. ಆ ಮಿಲ್ಲಿನಲ್ಲಿ ಆದ್ಯತಾ ಷೇರು ತಗೊಂಡವರಿಗೆ ಎರಡು ವರ್ಷ ಲಾಭಾಂಶ ಬರಲಿಲ್ಲ. ಸಂಚಿತ ಷೇರು, ಹಾಗಾಗಿ ಬಾಕಿ ಪುಸ್ತಕದಲ್ಲಿ ಬೆಳೆಯುತ್ತಲೇ ಇತ್ತು. 2013ರ ಕಂಪನಿ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಎರಡು ವರ್ಷ ಲಾಭಾಂಶ ಕೊಡದಿದ್ದರೆ ಅವರಿಗೂ ಎಲ್ಲ ನಿರ್ಣಯಗಳ ಮೇಲೆ ಮತ ಹಾಕುವ ಹಕ್ಕು ಬರುತ್ತದೆ. ಬಂತು. ಸಭೆಗೆ ಹೋದರು, ಕೈ ಎತ್ತಿದರು, ಚಹಾ ಕುಡಿದು ಬಂದರು.

ಇಂಥದಕ್ಕೆ ಯುದ್ಧವೇ ಆಗಬೇಕೆಂದಿಲ್ಲ. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಹಣಕಾಸು ಸಮೂಹ ಕುಸಿದಾಗ ಯುದ್ಧವೇನೂ ಇರಲಿಲ್ಲ, ಕುಸಿಯುವ ಸ್ವಲ್ಪ ಮೊದಲಿನವರೆಗೂ ರೇಟಿಂಗ್ ಎಎಎ. ಆ ಸಮೂಹದ ಆದ್ಯತಾ ಷೇರು ಇಟ್ಟವರು ಸಾಲ ಕೊಟ್ಟವರ ಬೆನ್ನ ಹಿಂದೆ ನಿಲ್ಲಬೇಕಾಯಿತು.

ನನ್ನ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಹತ್ತಿ, ತೊಗರಿ ಮಾರಿದಾಗ ರೊಕ್ಕ ಬರುತ್ತದೆ, ಮುಂಗಾರಿಗೆ ಬೀಜ, ಡಿಎಪಿ ಅಂತ ಖಾಲಿಯಾಗುತ್ತದೆ. ಇಂಥವರಿಗೆ ಬೆಲೆ ಬೀಳುವುದಕ್ಕಿಂತ ದೊಡ್ಡ ಕಷ್ಟ ಬೇಕೆಂದಾಗ ಮಾರಲಾಗದಿರುವುದು. 2025ರ ಮೇ 7ರಂದು ಆಪರೇಷನ್ ಸಿಂಧೂರ ನಡೆಯಿತು, 9ಕ್ಕೆ ಪೇಟೆ ಕುಸಿಯಿತು, ಕದನವಿರಾಮದ ನಂತರ 12ರಂದು ಸೆನ್ಸೆಕ್ಸ್ 2,975 ಅಂಶ ಜಿಗಿಯಿತು. ಆ ವಾರದ ಯಾವ ವಹಿವಾಟಿನ ದಿನ ಬೇಕಾದರೂ ದೊಡ್ಡ ಕಂಪನಿಯ ಸಾಮಾನ್ಯ ಷೇರನ್ನು ಮೊಬೈಲಿನಲ್ಲೇ ಮಾರಬಹುದಿತ್ತು, ದರ ಹೆಚ್ಚೋ ಕಡಿಮೆಯೋ. ಆದ್ಯತಾ ಷೇರುಗಳಲ್ಲಿ ಪೇಟೆಗೆ ಬರುವವೇ ಬೆರಳೆಣಿಕೆ, ಬಂದರೂ ಕೊಳ್ಳುವವರು ವಿರಳ. ಖಾಸಗಿ ಮಿಲ್ಲಿನದಾದರೆ ಯಾವ ಜಾತಿಯ ಷೇರಾದರೂ ಅವಧಿ ಮುಗಿಯುವ ತನಕ, ಇಲ್ಲವೇ ಮಾಲೀಕರ ಮನಸ್ಸು ಕರಗುವ ತನಕ ಕಾಯಬೇಕು. ಆದ್ಯತಾ ಷೇರಿನ ಅವಧಿ ಕಾನೂನಿನ ಪ್ರಕಾರ 20 ವರ್ಷದವರೆಗೂ ಇರಬಹುದು. ಅರವತ್ತು ದಾಟಿದವರಿಗೆ ನಾನು ಈ ಸಂಖ್ಯೆಯನ್ನು ಎರಡು ಸಲ ಓದಿ ಹೇಳುತ್ತೇನೆ.

ಮಾಸ್ತರರು ಮಿಲ್ಲಿಗೆ ಕೊಡಲಿಲ್ಲ. ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರು; ಆಗ ಅದರ ಬಡ್ಡಿ ಶೇ 7.4, 2023ರ ಏಪ್ರಿಲ್‌ನಿಂದ ಹೊಸ ಖಾತೆಗಳಿಗೆ ಶೇ 8.2 ಆಯಿತು. ಮಗನ ಬಿತ್ತನೆಗೂ ಮನೆ ಖರ್ಚಿಗೂ ಬೇಕಾಗದ ಅಷ್ಟಿಷ್ಟು ಹಣದಲ್ಲಿ ಸಾಮಾನ್ಯ ಷೇರು ಕೊಂಡರು, ಅದರಲ್ಲಿ 50 ಟಿವಿಎಸ್ ಮೋಟಾರ್.

2025ರ ಆಗಸ್ಟ್ 25 ಟಿವಿಎಸ್‌ನ ಬೋನಸ್ಸಿಗೆ ಷೇರುದಾರರನ್ನು ಎಣಿಸುವ ದಾಖಲೆ ದಿನ. ಒಂದು ಷೇರಿಗೆ 10 ರೂಪಾಯಿ ಮುಖಬೆಲೆಯ ನಾಲ್ಕು, ಶೇ 6ರ ಆದ್ಯತಾ ಷೇರು ಬೋನಸ್. ಅದೇ ವಾರ, 27ರಂದು, ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಶೇ 50ಕ್ಕೇರಿತು. ಅದಕ್ಕೂ ಮೊದಲೇ ಕೇಂದ್ರ ಮತ್ತೊಮ್ಮೆ ಹತ್ತಿಯ ಆಮದು ಸುಂಕ ಮನ್ನಾ ಮಾಡಿತ್ತು. ಶಹಾಪುರದ ಹತ್ತಿ ಬೆಳೆಗಾರರು ಬೆಂಬಲ ಬೆಲೆಯ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ ಎಂದು ವಿಚಾರಿಸುತ್ತಿದ್ದರು. ಮಾಸ್ತರರು ಆ ಗದ್ದಲದ ನಡುವೆ ಫೋನು ಮಾಡಿದರು. ಅವರ ಡಿಮ್ಯಾಟ್‌ಗೆ 200 ಆದ್ಯತಾ ಷೇರು ಬರುವುದಿತ್ತು. ಒಟ್ಟು ಮುಖಬೆಲೆ 2,000, ವರ್ಷದ ಲಾಭಾಂಶ 120 ರೂಪಾಯಿ.

"ಬ್ಯಾಡ ಅಂದ್ರೂ ಬೆನ್ನು ಬಿಡಲಿಲ್ಲ ನೋಡ್ರಿ" ಅಂದರು. "ಇರ್ಲಿ ಬಿಡ್ರಿ. ಇದಕ್ಕ ನನ್ನ ನಿವೃತ್ತಿ ರೊಕ್ಕ ಹತ್ತಿಲ್ಲ."