ರವಿಕೆ ಪೀಸಿನ ಗಂಟು ಬಿಚ್ಚಿ: ಮುಖಕ್ಕೆ ಒಪ್ಪುವ ಬಣ್ಣ ಹುಡುಕುವ ಬಗೆ

ಅನಂತಪುರ ಸೀಮೆಯಲ್ಲಿ ಬರ ಏನಿದ್ದರೂ ಮಳೆಗೆ, ಬಟ್ಟೆಗಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ, ಗಡಿ ದಾಟಿದರೆ ಮೊಳಕಾಲ್ಮುರಿನ ರೇಷ್ಮೆ ಮಗ್ಗಗಳು. ಮಡಕಶಿರಾದವರಿಗೆ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ, ಅದರಾಚೆಗೆ ಧರ್ಮವರಂ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಮದುವೆ ಜವಳಿ ತೆಗೆಯುವ ಮಾತು ಬಂದರೆ ಧರ್ಮವರಂ ಹೆಸರು ಎರಡೂ ಕಡೆ ಕೇಳಿಬರುತ್ತದೆ.

ಇಷ್ಟೆಲ್ಲ ಬಟ್ಟೆಯ ನಡುವೆ ಬಾಳಿಯೂ ಬಣ್ಣ ಆರಿಸುವಾಗ ನಾವು ಕಿವಿಯನ್ನು ನಂಬುತ್ತೇವೆ, ಕಣ್ಣನ್ನಲ್ಲ. ಅಂಗಡಿಯವರು “ಅಕ್ಕಾ, ಇದು ನಿಮಗೇ ಅಂತ ನೇಯ್ದಂಗಿದೆ” ಎನ್ನುತ್ತಾರೆ, ಜೊತೆಗೆ ಬಂದ ಅತ್ತಿಗೆ “ಅಯ್ಯೋ, ನಮ್ ಬಣ್ಣಕ್ಕೆ ಅಷ್ಟು ಗಾಢ ಬೇಡಮ್ಮ” ಎನ್ನುತ್ತಾರೆ. ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ಮನೆಯಲ್ಲೇ, ದುಡ್ಡು ಖರ್ಚಿಲ್ಲದೆ ತಿಳಿಯುವ ದಾರಿ ಇಲ್ಲಿದೆ. ಗಂಡಸರಿಗೂ ಇದೇ ದಾರಿ. ಸೀರೆ ಎಂದಲ್ಲಿ ಅಂಗಿ ಎಂದು ಓದಿಕೊಂಡರೆ ಸಾಕು.

ಮೊದಲು ಒಂದು ಮಾತು. ಈ ಪರೀಕ್ಷೆಯಲ್ಲಿ “ಯಾವುದರಲ್ಲಿ ಬೆಳ್ಳಗೆ ಕಾಣುತ್ತೇನೆ” ಎಂಬ ಪ್ರಶ್ನೆಯೇ ಇಲ್ಲ. ಆ ಪ್ರಶ್ನೆ ಇಟ್ಟುಕೊಂಡು ಕೂತರೆ ಉತ್ತರವೆಲ್ಲ ಅಡ್ಡದಾರಿ ಹಿಡಿಯುತ್ತದೆ. ನೋಡಬೇಕಾದ್ದು ಮುಖದ ಕಳೆ: ಚರ್ಮ ಒಂದೇ ಸಮ ಕಾಣುತ್ತದೆಯೇ, ಕಣ್ಣು ಎದ್ದು ಕಾಣುತ್ತವೆಯೇ, ದಣಿವು ಅಡಗುತ್ತದೆಯೇ. ಎಣ್ಣೆಗೆಂಪು, ಗೋಧಿ ಬಣ್ಣ, ನಸುಗಪ್ಪು, ಅಚ್ಚ ಕಪ್ಪು, ಯಾವುದಕ್ಕಾದರೂ ಕಳೆ ಕಟ್ಟುವ ಬಣ್ಣಗಳಿವೆ, ಕಳೆ ಕೆಡಿಸುವ ಬಣ್ಣಗಳೂ ಇವೆ.

ಹಂತ 1: ಬಟ್ಟೆ ಕೂಡಿಸಿ

ಬಣ್ಣದ ಸಲಹೆ ಕೊಡುವ ದೊಡ್ಡ ಊರಿನ ಪರಿಣತರು ಇದಕ್ಕೆಂದೇ ಬಣ್ಣಬಣ್ಣದ ಬಟ್ಟೆಯ ಕಟ್ಟು ಇಟ್ಟುಕೊಂಡಿರುತ್ತಾರೆ. ನಮ್ಮ ಮನೆಗಳಲ್ಲಿ ಅಂಥ ಕಟ್ಟು ಆಗಲೇ ಇದೆ. ಅರಿಶಿನ–ಕುಂಕುಮಕ್ಕೆ, ಗೃಹಪ್ರವೇಶಕ್ಕೆ, ಸೀಮಂತಕ್ಕೆ ಹೋದಾಗೆಲ್ಲ ಎಲೆ ಅಡಿಕೆಯ ಜೊತೆ ಬಂದು, ಹೊಲಿಸದೆ ಬೀರುವಿನ ತಳದಲ್ಲಿ ಗಂಟಾಗಿ ಕೂತಿರುವ ರವಿಕೆ ಪೀಸುಗಳು. ನೀವೇ ಆರಿಸಿ ತಂದವಲ್ಲ, ಹಾಗಾಗಿ ನೀವು ಎಂದೂ ಮುಟ್ಟದ ಬಣ್ಣಗಳೂ ಅದರಲ್ಲಿರುತ್ತವೆ. ಈ ಕೆಲಸಕ್ಕೆ ಅದೇ ಅದರ ಗುಣ.

ಗಂಟಿನಿಂದ ಜೋಡಿ ಜೋಡಿಯಾಗಿ ತೆಗೆಯಿರಿ. ಅಚ್ಚ ಬಿಳಿ ಮತ್ತು ಕೆನೆ ಬಿಳಿ. ನಿಂಬೆ ಹಳದಿ ಮತ್ತು ಸಾಸಿವೆ ಹಳದಿ. ರಾಣಿ ಬಣ್ಣ ಮತ್ತು ಕನಕಾಂಬರ. ರಾಮಾ ಹಸಿರು ಮತ್ತು ಗಿಳಿ ಹಸಿರು. ಕಪ್ಪು ಮತ್ತು ಕಾಫಿಪುಡಿ ಬಣ್ಣ. ಕೊನೆಗೆ ಎರಡು ಮಂಕು ಬಣ್ಣ: ಈರುಳ್ಳಿ ಸಿಪ್ಪೆ, ಬೂದು. ಇಲ್ಲದ ಬಣ್ಣಕ್ಕೆ ಪಕ್ಕದ ಮನೆಯವರ ಗಂಟು ಇದ್ದೇ ಇದೆ. ದರ್ಜಿಯವರನ್ನು ಕೇಳಿದರೆ ಚೂರು ಬಟ್ಟೆಯೂ ಸಿಗುತ್ತದೆ, ಆದರೆ ಎರಡೂ ಭುಜ ಮುಚ್ಚುವಷ್ಟು ಅಗಲವಿರಲಿ. ಹೊಳೆಯುವ ರೇಷ್ಮೆಯನ್ನೂ ಸಾದಾ ಹತ್ತಿಯನ್ನೂ ಎದುರುಬದುರು ಹಿಡಿದು ಹೋಲಿಸಬೇಡಿ. ಹೊಳಪಿಗೆ ಮರುಳಾಗಿ ಬಣ್ಣ ನೋಡುವುದನ್ನೇ ಮರೆಯುತ್ತೇವೆ.

ಹಂತ 2: ಬೆಳಕು ಸರಿ ಮಾಡಿಕೊಳ್ಳಿ

ಹೆಚ್ಚಿನವರು ಸೋಲುವುದು ಇಲ್ಲೇ. ಬಿಸಿಲು ಏರುವ ಮುಂಚೆ, ಜಗುಲಿಯ ನೆರಳಿನಲ್ಲಿ, ಆಕಾಶಕ್ಕೆ ಮುಖ ಮಾಡಿ ಕೂರಿ. ನೇರ ಬಿಸಿಲು ಬೇಡ, ಟ್ಯೂಬ್‌ಲೈಟ್ ಬೇಡ. ನಮ್ಮ ಕಡೆ ನಡುಮನೆಗೆ ಗಿಳಿ ಹಸಿರು, ಗುಲಾಬಿ, ಆಕಾಶ ನೀಲಿ ಸುಣ್ಣ ಬಳಿಸುವ ರೂಢಿಯುಂಟು. ಆ ಗೋಡೆಯ ಬಣ್ಣ ಬೆಳಕಿನ ಜೊತೆ ಬಂದು ಕೆನ್ನೆಯ ಮೇಲೆ ಬೀಳುತ್ತದೆ. ಹಸಿರು ಗೋಡೆಯ ಕೋಣೆಯಲ್ಲಿ ಆರಿಸಿದ ಬಣ್ಣ ಬೀದಿಗೆ ಬಂದಾಗ ಬೇರೆಯೇ ಕಾಣುವುದು ಅದಕ್ಕೇ.

ಮುಖ ತೊಳೆದು ಒರೆಸಿ. ಪೌಡರ್, ಅರಿಶಿನ, ಕ್ರೀಮ್ ಯಾವುದೂ ಇರಬಾರದು. ಕೂದಲು ಹಿಂದಕ್ಕೆ ಕಟ್ಟಿ, ಆದರೆ ಮುಚ್ಚಬೇಡಿ: ಕೂದಲೂ ನಿಮ್ಮ ಬಣ್ಣವೇ. ನರೆತಿದ್ದರೆ ನರೆತಂತೆ, ಮೆಹೆಂದಿ ಹಚ್ಚುವ ರೂಢಿಯಿದ್ದರೆ ಹಚ್ಚಿದಂತೆ. ತೊಟ್ಟ ರವಿಕೆಯ ಬಣ್ಣ ಕಾಣದಂತೆ ಬಿಳಿ ಟವೆಲ್ ಹೊದೆಯಿರಿ. ಹೊಲದ ಕೆಲಸದವರಿಗೆ ಮುಖ ಮತ್ತು ತೋಳಿನ ಒಳಭಾಗದ ಬಣ್ಣ ಬೇರೆ ಬೇರೆ ಇರುತ್ತದೆ. ಅಂಥವರು ಮುಖವನ್ನೇ ಲೆಕ್ಕಕ್ಕೆ ಹಿಡಿಯಲಿ, ಬಟ್ಟೆಯ ಪಕ್ಕದಲ್ಲಿ ಜನ ನೋಡುವುದು ಅದನ್ನೇ.

ಹಂತ 3: ಕಟ್ಟಿ, ಬಿಚ್ಚಿ, ನೋಡಿ

ಒಂದೊಂದೇ ಬಟ್ಟೆಯನ್ನು ಗದ್ದದ ಕೆಳಗೆ ಹಿಡಿದು, ಕೂಡಲೇ ಅದರ ಜೋಡಿಯನ್ನು ಹಿಡಿಯಿರಿ. ಒಂದನ್ನೇ ಹೊತ್ತುಗಟ್ಟಲೆ ನೋಡುತ್ತಾ ಕೂತರೆ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ, ತಕ್ಷಣ ಬದಲಾಯಿಸಿದಾಗಲೇ ವ್ಯತ್ಯಾಸ ಗೊತ್ತಾಗುವುದು. ಬಟ್ಟೆ ನೋಡಬೇಡಿ, ಮುಖ ನೋಡಿ. ಕಣ್ಣಿನ ಕೆಳಗಿನ ಕಪ್ಪು, ಮೂಗಿನ ಪಕ್ಕದ ನೆರಳು, ತುಟಿಯ ಅಂಚು, ಗದ್ದದ ಕೆಳಭಾಗ, ಈ ನಾಲ್ಕು ಜಾಗ ಸಾಕು. ಒಪ್ಪದ ಬಣ್ಣದಲ್ಲಿ ಇವೆಲ್ಲ ಆಳವಾಗುತ್ತವೆ, ಚರ್ಮ ಬೂದಿ ಬಳಿದಂತೆ ಕಾಣುತ್ತದೆ, ಮೊದಲು ಕಣ್ಣಿಗೆ ಬೀಳುವುದು ಬಟ್ಟೆ. ಒಪ್ಪುವ ಬಣ್ಣದಲ್ಲಿ ಮೊದಲು ಮುಖ ಕಾಣುತ್ತದೆ.

ಇದು ಬರೀ ಭ್ರಮೆಯಲ್ಲ. ಇದರ ಹಿಂದೆ ಎರಡು ಕಾರಣ ಸೇರಿ ಕೆಲಸ ಮಾಡುತ್ತವೆ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬರುತ್ತಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣವೇ ಕಪ್ಪನ್ನು ಮಂಕಾಗಿಸಿತ್ತು. ಒಂದು ಬಣ್ಣ ತನ್ನ ಪಕ್ಕದ್ದನ್ನು ತನಗೆ ಎದುರಾದ ಬಣ್ಣದ ಕಡೆಗೆ ತಳ್ಳುತ್ತದೆ ಎಂದು ಅವನು 1839ರ ಪುಸ್ತಕದಲ್ಲಿ ವಿವರಿಸಿದ. ಹಸಿರಿನ ಪಕ್ಕದಲ್ಲಿ ಮುಖ ಒಂದಿಷ್ಟು ಕೆಂಪೇರುತ್ತದೆ, ಕಡುಕೆಂಪಿನ ಪಕ್ಕದಲ್ಲಿ ಹಸಿರು ಛಾಯೆ ಬರುತ್ತದೆ. ಇದು ಒಂದು ಕಾರಣ. ಇನ್ನೊಂದು ಇದಕ್ಕೆ ಸರಿಯಾಗಿ ಉಲ್ಟಾ: ಬಟ್ಟೆಯ ಮೇಲೆ ಬಿದ್ದ ಬೆಳಕು ಅದರದೇ ಬಣ್ಣ ಹೊತ್ತು ಗದ್ದದ ಕೆಳಗೆ ಚೆಲ್ಲುತ್ತದೆ. ಮೊದಲನೆಯದು ಮುಖಕ್ಕೆ ಬಟ್ಟೆಯ ಎದುರು ಬಣ್ಣವನ್ನು ಕೂಡಿಸುತ್ತದೆ, ಎರಡನೆಯದು ಬಟ್ಟೆಯದೇ ಬಣ್ಣವನ್ನು ಕೂಡಿಸುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ಬಟ್ಟೆಯ ಹೊಳಪು, ಬೆಳಕು, ನಿಮ್ಮ ಚರ್ಮ ಈ ಮೂರರ ಮೇಲೆ ನಿಂತಿದೆ. “ಈ ಮೈಬಣ್ಣಕ್ಕೆ ಈ ಬಣ್ಣ” ಎಂಬ ಸಿದ್ಧ ಪಟ್ಟಿಗಳು ಕೈಕೊಡುವುದು ಇದರಿಂದಲೇ.

ಹಂತ 4: ಬೆಚ್ಚಗೋ, ತಂಪೋ

ಚರ್ಮದ ಕಂದು ಒಂದೇ ಇದ್ದರೂ ಒಬ್ಬರದು ಹಳದಿಯತ್ತ ವಾಲಿರುತ್ತದೆ, ಇನ್ನೊಬ್ಬರದು ನೀಲಿ ಮಿಶ್ರಿತ ಕೆಂಪಿನತ್ತ. ಮೆಲನಿನ್ ಎಷ್ಟಿದೆ, ಅದರ ಕೆಳಗಿನ ರಕ್ತದ ಬಣ್ಣ ಎಷ್ಟು ಕಾಣುತ್ತದೆ ಎಂಬುದರಿಂದ ಬರುವ ವ್ಯತ್ಯಾಸ ಇದು. ಅಕ್ಕ ತಂಗಿಯರಲ್ಲೇ ಬೇರೆ ಬೇರೆ ಇರಬಹುದು, ಒಂದೇ ಸೀರೆ ಅಕ್ಕನಿಗೆ ಚೆನ್ನಾಗಿ ಕಂಡು ತಂಗಿಗೆ ಸಪ್ಪೆಯಾಗುವುದನ್ನು ನೀವೇ ನೋಡಿರುತ್ತೀರಿ.

ತಿಳಿಯಲು ರಾಣಿ ಬಣ್ಣ ಮತ್ತು ಕನಕಾಂಬರದ ಜೋಡಿ ಎಲ್ಲಕ್ಕಿಂತ ಒಳ್ಳೆಯದು. ಕನಕಾಂಬರದಲ್ಲಿ ಮುಖ ತಿಳಿಯಾದರೆ ನಿಮ್ಮದು ಬೆಚ್ಚನೆಯ ಬಣ್ಣ. ಸಾಸಿವೆ, ಇಟ್ಟಿಗೆ ಕೆಂಪು, ಗಿಳಿ ಹಸಿರು, ಕೆನೆ ಬಿಳಿ ನಿಮ್ಮ ಕಡೆಯವು. ರಾಣಿ ಬಣ್ಣ ಗೆದ್ದರೆ ತಂಪು. ನೇರಳೆ, ರಾಮಾ ಹಸಿರು, ಕಡುನೀಲಿ, ಅಚ್ಚ ಬಿಳಿಯ ಕಡೆ ಹೋಗಿ. ಎರಡೂ ಸಮನಾಗಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ನಡುವಿನವರೂ ಇದ್ದಾರೆ, ಅವರಿಗೆ ಮುಂದಿನ ಹಂತವೇ ಮುಖ್ಯ.

ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಕಂದು ಚರ್ಮದ ಮೂಲಕ ನೋಡುವಾಗ ಅದು ನೆಚ್ಚಿಕೊಳ್ಳುವಂಥ ಗುರುತಲ್ಲ. ಚಿನ್ನ–ಬೆಳ್ಳಿಯ ಪರೀಕ್ಷೆಯೂ ನಮಗೆ ಅಷ್ಟಕ್ಕಷ್ಟೆ: ಹುಟ್ಟಿದಾಗಿನಿಂದ ಕಿವಿ, ಮೂಗು, ಕೊರಳಲ್ಲಿ ಚಿನ್ನ ಕಂಡ ಕಣ್ಣು ಬೆಳ್ಳಿಗೆ ಮತ ಹಾಕುವುದು ಕಷ್ಟ.

ಹಂತ 5: ಗಾಢವೋ, ತಿಳಿಯೋ, ಚುರುಕೋ, ಮಂಕೋ

ನನ್ನ ಮಟ್ಟಿಗೆ ಇದು ಬೆಚ್ಚಗೆ–ತಂಪಿಗಿಂತ ದೊಡ್ಡ ವಿಷಯ. 1980ರಲ್ಲಿ ಅಮೆರಿಕದ ಕ್ಯಾರೋಲ್ ಜಾಕ್ಸನ್ ಬರೆದ ‘ಕಲರ್ ಮಿ ಬ್ಯೂಟಿಫುಲ್’ ಪುಸ್ತಕದಿಂದ ಜನರನ್ನು ವಸಂತ, ಬೇಸಿಗೆ, ಶರತ್, ಚಳಿಗಾಲ ಎಂದು ನಾಲ್ಕು ಗುಂಪು ಮಾಡುವ ಪದ್ಧತಿ ಮನೆಮಾತಾಯಿತು. ಹೊಂಬಣ್ಣದ ಕೂದಲು, ನೀಲಿ ಕಣ್ಣು, ಕೆಂಗೂದಲು ಇರುವ ಕಡೆ ಹುಟ್ಟಿದ ಲೆಕ್ಕ ಅದು. ಕಪ್ಪು ಕೂದಲು, ಕಪ್ಪು ಕಣ್ಣಿನವರನ್ನು ಹೆಚ್ಚಾಗಿ ಚಳಿಗಾಲದ ಗುಂಪಿಗೇ ಸೇರಿಸಿಬಿಡುತ್ತದೆ. ಮಡಕಶಿರಾ ಸೀಮೆಯ ಅಮರಾಪುರಂ, ರೊಳ್ಳ, ಅಗಳಿ ಕಡೆಯ ಒಂದು ಮದುವೆ ಮನೆಯ ಪಂಕ್ತಿ ನೋಡಿದರೂ ಸಾಕು, ಅಷ್ಟು ಜನರಿಗೂ ಒಂದೇ ಪಟ್ಟಿ ಎಂದರೆ ನಗು ಬರುತ್ತದೆ.

ಬದಲಿಗೆ ಹೀಗೆ ಮಾಡಿ. ಜಗುಲಿಯಲ್ಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಕಪ್ಪು–ಬಿಳುಪಿಗೆ ಬದಲಾಯಿಸಿ. ಕೂದಲಿಗೂ ಮುಖಕ್ಕೂ ಅಂತರ ಎಷ್ಟಿದೆ ನೋಡಿ. ಅಂತರ ಹೆಚ್ಚಿದ್ದರೆ ಗಾಢ ಸೀರೆಗೆ ತಿಳಿ ಅಂಚು, ಬಿಳಿ ಅಂಗಿಗೆ ಕಡುನೀಲಿ ಪ್ಯಾಂಟು, ಇಂಥ ಎದ್ದು ಕಾಣುವ ಜೋಡಿಗಳು ಹೊಂದುತ್ತವೆ. ಮುಖವೂ ಕೂದಲಿನಷ್ಟೇ ಗಾಢವಾಗಿದ್ದರೆ ಎರಡು ದಾರಿ, ಎರಡೂ ಚೆಂದ: ವೈನ್ ಕೆಂಪು, ಬದನೆ ಬಣ್ಣ, ನವಿಲುಕತ್ತಿನ ನೀಲಿಯಂಥ ಆಳದ ಬಣ್ಣ, ಇಲ್ಲವೇ ಅಚ್ಚ ಬಿಳಿ, ನಿಂಬೆ ಹಳದಿಯಂಥ ಧೈರ್ಯದ ಬಣ್ಣ. ಕೈಬಿಡಬೇಕಾದ್ದು ನಡುವಿನ ಮಸುಕು, ಅಂದರೆ ಬೂದು ಬೆರೆತ ಗುಲಾಬಿ, ಮಣ್ಣು ಮೆತ್ತಿದಂಥ ಕಂದು. “ಕಪ್ಪಗಿರೋರು ಗಾಢ ಬಣ್ಣ ಉಡಬಾರದು” ಎಂದು ಹೆದರಿಸಿ ನಮ್ಮ ಹುಡುಗಿಯರ ಕೈಗೆ ಕೊಡುವುದು ಇವನ್ನೇ. ಗೋಧಿ ಬಣ್ಣದವರಲ್ಲಿ ಕೆಲವರಿಗೆ ಈರುಳ್ಳಿ ಸಿಪ್ಪೆ ಬಣ್ಣ ತುಂಬ ಹೊಂದುತ್ತದೆ, ಅವರ ಮೇಲೆ ರಾಣಿ ಬಣ್ಣ ಕೂಗುತ್ತದೆ. ಅದನ್ನೂ ಹಿಡಿದೇ ನೋಡಬೇಕು.

ಗಾಢ ಬಣ್ಣದ ಧೈರ್ಯ ಬೇಕಿದ್ದರೆ ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಗೆ ಹೋಗಿ ವೀರಭದ್ರ ದೇವಾಲಯದ ಚಾವಣಿಯನ್ನು ಕತ್ತೆತ್ತಿ ನೋಡಿ. 16ನೇ ಶತಮಾನದ ಆ ಚಿತ್ರಗಾರರ ಬಳಿ ಇದ್ದದ್ದು ಕಾವಿ, ಕೆಂಪು, ಕಪ್ಪು, ಬಿಳಿ, ಹಸಿರಿನಂಥ ಕೆಲವೇ ಬಣ್ಣ. ಕೆಂಪು ನೆಲದ ಮೇಲೆ ಕಂದು ಮೈ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು.

ಹಂತ 6: ಒಪ್ಪದ ಬಣ್ಣವನ್ನು ಕೆಳಗಿಳಿಸಿ

ಇಷ್ಟದ ಬಣ್ಣ ಮುಖಕ್ಕೆ ಒಪ್ಪದಿದ್ದರೆ ಬಿಡಬೇಕೆಂದೇನಿಲ್ಲ, ಮುಖದಿಂದ ದೂರ ಇಡಿ. ಸೀರೆಯಲ್ಲಿ ಮುಖದ ಹತ್ತಿರ ಇರುವುದು ರವಿಕೆ ಮತ್ತು ಸೆರಗು. ಒಡಲು ಯಾವ ಬಣ್ಣವಿದ್ದರೂ ಒಪ್ಪುವ ಬಣ್ಣದ ರವಿಕೆ ಹೊಲಿಸಿದರೆ ಅರ್ಧ ಕೆಲಸ ಮುಗಿಯಿತು. ಜೀನ್ಸಿನ ಬಣ್ಣಕ್ಕೆ ಮುಖದ ಹಂಗೇ ಇಲ್ಲ, ಕಪ್ಪಾದರೂ ಸರಿ, ಒಗೆದು ಬಿಳಿಚಿದ ನೀಲಿಯಾದರೂ ಸರಿ. ಶಾಸ್ತ್ರಕ್ಕೆ ಹಳದಿ ಸೀರೆಯೇ ಆಗಬೇಕು ಎಂದು ಹಿರಿಯರು ಹೇಳಿದರೆ ಜಗಳ ಬೇಡ: ನಿಂಬೆಯಿಂದ ಮಾವಿನಹಣ್ಣು, ಅರಿಶಿನ, ಸಾಸಿವೆಯವರೆಗೆ ಹಳದಿ ಹತ್ತಾರು ಬಗೆಯದಿದೆ. ಅದರಲ್ಲಿ ನಿಮ್ಮದನ್ನು ಹುಡುಕಿಕೊಳ್ಳಿ.

ಹಂತ 7: ಅಂಗಡಿಯಲ್ಲಿ

ಗೆದ್ದ ಬಟ್ಟೆಗಳ ಮೂಲೆಯಿಂದ ಬೆರಳಗಲದ ಚೂರು ಕತ್ತರಿಸಿ ಒಂದು ಪಿನ್ನಿಗೆ ಪೋಣಿಸಿ ಪರ್ಸಿನಲ್ಲಿಡಿ. ಬಣ್ಣದ ನೆನಪು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಬಾಯಲ್ಲಿ ಹೇಳುವುದಕ್ಕಿಂತ ಚೂರು ತೋರಿಸುವುದು ಸುಲಭವೂ ಹೌದು: ನೀವು ಗಿಳಿ ಹಸಿರು ಎಂದು ಕೇಳಿ, ಅಂಗಡಿಯವರು ತೆಲುಗಿನಲ್ಲಿ ಚಿಲಕಪಚ್ಚ ಎಂದು ತೆಗೆದು, ಕೊನೆಗೆ ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಹಸಿರು ಇರುವ ಸಂಭವವೇ ಹೆಚ್ಚು.

ಧರ್ಮವರಂ ಸೀರೆಗಳಲ್ಲಿ ಎರಡು ಛಾಯೆಯವು ಹೆಸರುವಾಸಿ. ಉದ್ದಕ್ಕೆ ಹಾಸು ಒಂದು ಬಣ್ಣ, ಅಡ್ಡಕ್ಕೆ ಹೊಕ್ಕು ಇನ್ನೊಂದು ಬಣ್ಣದ ನೂಲು ಹಾಕಿ ನೇಯುವುದರಿಂದ ನೆರಿಗೆ ತಿರುಗಿದಂತೆ ಬಣ್ಣವೂ ತಿರುಗುತ್ತದೆ. ಅದನ್ನು ಮಡಿಕೆಯಲ್ಲಿ ನೋಡಿ ಕೊಳ್ಳಬೇಡಿ. ಭುಜದ ಮೇಲೆ ಹಾಕಿಕೊಂಡು ಒಂದು ಸುತ್ತು ತಿರುಗಿ, ಎರಡು ಛಾಯೆಯಲ್ಲಿ ಒಂದಾದರೂ ನಿಮ್ಮ ಚೂರುಗಳ ಪೈಕಿ ಇದ್ದರೆ ಸೀರೆ ನಡೆಯುತ್ತದೆ.

ಅಂಗಡಿಯ ದೀಪಗಳು ಜರಿ ಹೊಳೆಯಲೆಂದೇ ಹಾಕಿದವು. ಒಂದು ದೀಪದ ಕೆಳಗೆ ಒಂದೇ ಕಂಡ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದು ಬಣ್ಣದ ಗುಣವೇ. ರಾತ್ರಿ ತಂದ ಮ್ಯಾಚಿಂಗ್ ರವಿಕೆ ಬೆಳಗ್ಗೆ ಮ್ಯಾಚ್ ಆಗದಿರುವುದು ಇದರಿಂದ. ಹಾಗಾಗಿ ಜವಳಿಗೆ ಹಗಲಿನಲ್ಲೇ ಹೋಗಿ, ಮನಸ್ಸಿಗೆ ಬಂದ ಎರಡು ಮೂರನ್ನು ಬಾಗಿಲ ಬೆಳಕಿಗೆ ತರಿಸಿ ನೋಡಿ. ದೊಡ್ಡ ಅಂಗಡಿಯವರೂ ಕೇಳಿದರೆ ತರುತ್ತಾರೆ. ಮನೆಗೆ ತಂದ ಮೇಲೆ ಜಗುಲಿಯಲ್ಲಿ ಇನ್ನೊಮ್ಮೆ ಮುಖಕ್ಕೆ ಹಿಡಿದು ನೋಡಿ. ಫಾಲ್ಸ್, ಕುಚ್ಚಿಗೆ ಕೊಡುವ ಮಾತು ಅದಾದ ಮೇಲೆ, ಹೊಲಿಗೆ ಬಿದ್ದ ಸೀರೆಯನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.