ಕವರ್ ನೋಡಿ ಮರುಳಾಗಬೇಡಿ, ಮ್ಯಾಟ್ರಿಕ್ಸ್ ಓದಿ: ಬೀಟಲ್ಸ್ ರೆಕಾರ್ಡ್ ಸಂಗ್ರಹಕ್ಕೆ 7 ಸೂತ್ರಗಳು

ಸಂಬಳ ಬರುತ್ತಿದೆ, ಟರ್ನ್‌ಟೇಬಲ್ ಮನೆಗೆ ಬಂದಿದೆ. ಬೀಟಲ್ಸ್ ರೆಕಾರ್ಡ್ ಸಂಗ್ರಹಿಸುವ ಆಸೆಯೂ ಇದೆ. "ಇದೆಲ್ಲ ದುಡ್ಡಿದ್ದವರ ಆಟ, ನನ್ನ ಕೈಲಾಗುತ್ತಾ?" ಎಂಬ ಯೋಚನೆಯನ್ನು ಇವತ್ತೇ ಬಿಡಿ. ಈ ಕ್ಷೇತ್ರದಲ್ಲಿ ಗೆಲ್ಲುವುದು ಓದಿಕೊಂಡು ಬಂದವರು. ನೀವೂ ಓದಬಲ್ಲಿರಿ.

1. ಒಂದೇ ದೇಶ, ಒಂದೇ ಅವಧಿ ಆರಿಸಿ.
"ಬೀಟಲ್ಸ್‌ದು ಎಲ್ಲ ಬೇಕು" ಅಂತ ಹೊರಡಬೇಡಿ. ಬ್ರಿಟನ್ನಿನಲ್ಲಿ ಪಾರ್ಲೊಫೋನ್ ಹೊರತಂದ ಆಲ್ಬಂಗಳಿಂದ ಅಮೆರಿಕದ ಕ್ಯಾಪಿಟಲ್ ಕಂಪನಿ ಹಾಡುಗಳನ್ನು ತೆಗೆದು, ಬೇರೆ ಆಲ್ಬಂಗಳನ್ನೇ ಕಟ್ಟುತ್ತಿತ್ತು. ನಮ್ಮಲ್ಲೂ ಕಲ್ಕತ್ತಾದ ಡಮ್‌ಡಮ್ ಕಾರ್ಖಾನೆಯಲ್ಲಿ ಗ್ರಾಮೋಫೋನ್ ಕಂಪನಿ ಆಫ್ ಇಂಡಿಯಾ ಬೀಟಲ್ಸ್ ರೆಕಾರ್ಡ್‌ಗಳನ್ನು ಒತ್ತಿತು. ಇವಕ್ಕೆ ವಿದೇಶದಲ್ಲೂ ಸಂಗ್ರಾಹಕರಿದ್ದಾರೆ. ಭಾರತದಲ್ಲಿರುವ ನೀವು ಇಲ್ಲಿಂದಲೇ ಶುರು ಮಾಡಿ. ಕಣ್ಣೆದುರೇ ಸಿಗುವ ಮಾಲಿನಲ್ಲಿ ಕಣ್ಣು ಬೇಗ ಪಳಗುತ್ತದೆ.

2. ಲೇಬಲ್ಲಿನ ಪ್ರತಿ ಅಕ್ಷರ ಓದಿ.
ಮೊದಲ ಆಲ್ಬಂ 'ಪ್ಲೀಸ್ ಪ್ಲೀಸ್ ಮಿ' ಬಂದದ್ದು 1963ರ ಮಾರ್ಚ್ 22ರಂದು. ಆರಂಭದ ಬ್ರಿಟಿಷ್ ಪ್ರತಿಗಳಲ್ಲಿ ಕಪ್ಪು ಲೇಬಲ್, ಚಿನ್ನದ ಬಣ್ಣದ ಅಕ್ಷರ. ಸ್ವಲ್ಪ ದಿನದಲ್ಲೇ ಕಪ್ಪು-ಹಳದಿ ಲೇಬಲ್ ಬಂತು. ಚಿನ್ನದ ಅಕ್ಷರದವುಗಳಲ್ಲೂ ಸ್ವಂತ ಹಾಡುಗಳ ಪ್ರಕಾಶಕರ ಜಾಗದಲ್ಲಿ 'ಡಿಕ್ ಜೇಮ್ಸ್' ಎಂದಿದ್ದರೆ ಅದು ಇನ್ನೂ ಮೊದಲಿನದು. 'ನಾರ್ದರ್ನ್ ಸಾಂಗ್ಸ್' ಎಂದಿದ್ದರೆ ನಂತರದ್ದು. ಸ್ಟೀರಿಯೊ ಪ್ರತಿ ಸಿಕ್ಕರಂತೂ ಉಸಿರು ಬಿಗಿಹಿಡಿದು ಇನ್ನೊಮ್ಮೆ ನೋಡಿ. ಆಗ ಬ್ರಿಟನ್ನಿನ ಬಹುತೇಕ ಮನೆಗಳಲ್ಲಿ ಇದ್ದದ್ದು ಮೊನೊ ಪ್ಲೇಯರ್. ಹಾಗಾಗಿ ಸ್ಟೀರಿಯೊ ಒತ್ತಿದ್ದೇ ಕಡಿಮೆ.

3. ರನ್-ಔಟ್ ಜಾಗ ಓದಲು ಕಲಿಯಿರಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.
ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪು ಜಾಗವೇ ರನ್-ಔಟ್. ಅಲ್ಲಿ ಮ್ಯಾಟ್ರಿಕ್ಸ್ ನಂಬರ್ ಇರುತ್ತದೆ. ಡ್ಯಾಶ್ ಆದಮೇಲಿನ ಅಂಕಿ ಅದು ಎಷ್ಟನೇ ಕಟ್, ಅಂದರೆ ಮೂಲ ಡಿಸ್ಕನ್ನು ಎಷ್ಟನೇ ಸಲ ಕೊರೆದದ್ದು, ಎಂದು ಹೇಳುತ್ತದೆ. ಪಾರ್ಲೊಫೋನ್‌ನ ಮಾತೃಸಂಸ್ಥೆ ಇಎಂಐಯ ಬ್ರಿಟಿಷ್ ಪ್ರತಿಗಳಲ್ಲಿ ಇನ್ನೂ ಒಂದು ಗುಟ್ಟಿದೆ: ಸ್ಟ್ಯಾಂಪರ್ (ರೆಕಾರ್ಡ್ ಒತ್ತುವ ಲೋಹದ ಅಚ್ಚು) ಸಂಖ್ಯೆಯನ್ನು ಅಕ್ಷರಗಳಲ್ಲಿ ಬರೆದಿರುತ್ತಾರೆ. ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ: ಈ ಹತ್ತು ಅಕ್ಷರಗಳು ಕ್ರಮವಾಗಿ 1ರಿಂದ 9, ಕೊನೆಗೆ 0. 'ಆರ್‌ಎ' ಎಂದಿದ್ದರೆ 23ನೇ ಸ್ಟ್ಯಾಂಪರ್. ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಿ.

ಇಷ್ಟು ಕಷ್ಟ ಯಾಕೆ? 1966ರ 'ರಿವಾಲ್ವರ್' ತೆಗೆದುಕೊಳ್ಳಿ. ಮೊನೊ ಪ್ರತಿಯ ಎರಡನೇ ಬದಿ ಒಮ್ಮೆ ಕಟ್ ಆದಮೇಲೆ, ಕೊನೆಯ ಹಾಡು 'ಟುಮಾರೊ ನೆವರ್ ನೋಸ್'ಗೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಬೇರೆ ಮಿಕ್ಸ್ ಬೇಕೆಂದರು. ಬದಿಯನ್ನು ಮತ್ತೆ ಕಟ್ ಮಾಡಬೇಕಾಯಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಹೊರಬಿದ್ದಿದ್ದವು. ಆ ಮೊದಲ ಕಟ್‌ನ ಮ್ಯಾಟ್ರಿಕ್ಸ್ 'ಎಕ್ಸ್‌ಇಎಕ್ಸ್ 606-1'. ಅಂಗಡಿಯವನಿಗೂ ಗೊತ್ತಿಲ್ಲದಿರಬಹುದು. ಗೊತ್ತಿರಬೇಕಾದ್ದು ನಿಮಗೆ. 1965ರ 'ರಬ್ಬರ್ ಸೋಲ್' ಮೊನೊದಲ್ಲೂ ಇದೇ ಕಥೆ: -1 ಕಟ್ ಅತಿ ಜೋರಾಗಿತ್ತು, ಬದಲಾಯಿಸಿದರು. ಆ 'ಲೌಡ್ ಕಟ್'ಗೆ ಇವತ್ತು ಎಲ್ಲರೂ ಮುಗಿಬೀಳುತ್ತಾರೆ.

4. ಕೈ ಹಾಕಿ ಕೆಡಿಸಬೇಡಿ.
1966ರ ಜೂನ್‌ನಲ್ಲಿ ಕ್ಯಾಪಿಟಲ್ ಕಂಪನಿ 'ಯೆಸ್ಟರ್‌ಡೇ ಅಂಡ್ ಟುಡೇ' ಸಿದ್ಧಪಡಿಸಿತು. ಕವರ್‌ನಲ್ಲಿ ನಾಲ್ವರೂ ಕಟುಕರ ಬಿಳಿ ಕೋಟು ತೊಟ್ಟು, ಮಾಂಸದ ತುಂಡುಗಳ ಮತ್ತು ಮುರಿದ ಗೊಂಬೆಗಳ ನಡುವೆ ಕೂತ ಚಿತ್ರ. ತೆಗೆದವರು ರಾಬರ್ಟ್ ವಿಟೇಕರ್. ಗದ್ದಲವಾಯಿತು, ಕಂಪನಿ ಪ್ರತಿಗಳನ್ನು ವಾಪಸ್ ತರಿಸಿ ಅನೇಕವುಗಳ ಮೇಲೆ ಬೇರೆ ಚಿತ್ರ ಅಂಟಿಸಿತು. ಅಂಟಿಸದೆ ಉಳಿದದ್ದು 'ಫಸ್ಟ್ ಸ್ಟೇಟ್', ಅಂಟಿಸಿದ್ದು 'ಸೆಕೆಂಡ್ ಸ್ಟೇಟ್', ಸುಲಿದದ್ದು 'ಥರ್ಡ್ ಸ್ಟೇಟ್'. ಹೊಸ ಚಿತ್ರದ ಬಲಭಾಗದ ಬಿಳಿ ಜಾಗದಲ್ಲಿ ನಾಲ್ವರಲ್ಲೊಬ್ಬರಾದ ರಿಂಗೊ ಸ್ಟಾರ್ ಅವರ ಬಟ್ಟೆಯ ಕಪ್ಪು 'ವಿ' ಕೊರಳು ಮಸುಕಾಗಿ ಕಾಣುತ್ತಿದ್ದರೆ ಅಡಿಯಲ್ಲಿ ಹಳೆಯ ಚಿತ್ರ ಇದೆ. ಸುಲಿಯಬೇಡಿ! ಒಮ್ಮೆ ಸುಲಿದರೆ ಮತ್ತೆ ಸೆಕೆಂಡ್ ಸ್ಟೇಟ್ ಆಗುವುದಿಲ್ಲ. ಹಾಗೇ ಉಳಿದವು ದಿನೇ ದಿನೇ ಕಡಿಮೆಯಾಗುತ್ತಿವೆ.

5. ದೊಡ್ಡ ಬೆಲೆಯ ಸುದ್ದಿಗೆ ಬೆದರಬೇಡಿ.
1968ರ 'ವೈಟ್ ಆಲ್ಬಂ' ಕವರ್‌ಗಳ ಮೇಲೆ ಕ್ರಮಸಂಖ್ಯೆ ಒತ್ತಿದ್ದರು. ರಿಂಗೊ ಸ್ಟಾರ್ ಬಳಿಯಿದ್ದ 0000001 ಪ್ರತಿ 2015ರ ಹರಾಜಿನಲ್ಲಿ 7,90,000 ಡಾಲರ್‌ಗೆ ಹೋಯಿತು. ಆ ಬೆಲೆ ಆ ಸಂಖ್ಯೆಗೆ, ಆ ಒಡೆಯನಿಗೆ. ದೊಡ್ಡ ಸಂಖ್ಯೆಯ ಪ್ರತಿಗಳಲ್ಲೂ ಅದೇ ಸಂಗೀತ ಇದೆ, ಬೆಲೆ ಎಷ್ಟೋ ಕಡಿಮೆ. ತಿಂಗಳ ಬಜೆಟ್ ಕಟ್ಟಿ, ಅದನ್ನು ಮೀರಬೇಡಿ. ಹಳೆಯ ಒರಿಜಿನಲ್ ಕೈಗೆಟುಕದಿದ್ದರೆ 2014ರ ಮೊನೊ ಮರುಮುದ್ರಣ ಕೊಳ್ಳಿ. ಡಿಜಿಟಲ್ ಹಂತವೇ ಇಲ್ಲದೆ ಅನಲಾಗ್ ಟೇಪ್‌ನಿಂದ ಕಟ್ ಮಾಡಿದ್ದು. ಅದನ್ನು ಕೇಳುವುದೇ ಒಂದು ಭಾಗ್ಯ.

6. ಗ್ರೇಡ್ ಕೇಳಿ, ಆಮೇಲೆ ಬೆಲೆ ಕೇಳಿ.
ಡಿಸ್ಕ್‌ಗೊಂದು, ಕವರ್‌ಗೊಂದು ಗ್ರೇಡ್, ಅಂದರೆ ಸ್ಥಿತಿಯ ದರ್ಜೆ, ಬೇಕು. ಓರೆ ಬೆಳಕಿನಲ್ಲಿ ಹಿಡಿದು ಗೀರು ನೋಡಿ. ಸಂಕೋಚ ಬೇಡ, ದುಡ್ಡು ನಿಮ್ಮದು.

7. ಶೆಲ್ಫ್‌ನಲ್ಲಿ ನೆಟ್ಟಗೆ ನಿಲ್ಲಿಸಿ.
ಒಂದರ ಮೇಲೊಂದು ಪೇರಿಸಿದರೆ ಡಿಸ್ಕ್ ಬಾಗುತ್ತದೆ, ಕವರ್ ಮೇಲೆ ಉಂಗುರದ ಗುರುತು ಬೀಳುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಕವರ್‌ಗಳಿಗೆ ಬೂಸು ಹಿಡಿಯದಂತೆ ನೋಡಿಕೊಳ್ಳಿ. ಒಳಗವಸು ಹೊಸದು ಹಾಕಿ, ಹಳೆಯದನ್ನು ಎಸೆಯದೆ ಕವರ್ ಜೊತೆಗೇ ಇಡಿ. ಅದೂ ಆ ಕಾಲದ ದಾಖಲೆ. ಸವೆದ ಸೂಜಿಯನ್ನು ಇವತ್ತೇ ಬದಲಿಸಿ, ಆಮೇಲೆ ರೆಕಾರ್ಡ್ ಹಾಕಿ.